ಅಲ್ಲಪ್ಪನ ತಂಗಿ

ಫೆಬ್ರವರಿ 11

ತಂಗೀ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಸುದ್ದಿ ಟಿವಿಯಲ್ಲಿ ಹಳಸಿರುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಬಾಹ್ಯಾಕಾಶ ನೌಕೆ ಹಾರುವುದಿಲ್ಲ. ಜುಲೈ ಎನ್ನುತ್ತಿದ್ದಾರೆ. ಬೇಡ ಎಂದವರು ನಾವೇ, ಅಂದರೆ ಇಂಧನದ ಟ್ಯಾಂಕಿಗೆ ಬಿಸಿ ತಾಗದಂತೆ ಫೋಮ್ ಹೊದಿಸುವ ವಿಭಾಗ. ಅದರ ಮುಖ್ಯಸ್ಥ ನಾನು. ಬೈಯುವುದಿದ್ದರೆ ಬೇರೆ ಯಾರನ್ನೂ ಹುಡುಕಿಕೊಂಡು ಹೋಗಬೇಡ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ತರಬೇತಿ ಕೇಂದ್ರದ ಫೋನಿಗೆ ಮೂರನೆಯ ಕಿವಿಯೊಂದು ಇರುತ್ತದೆ ಎಂದು ನೀನೇ ಹೇಳಿದ್ದೀಯ. ಕಾಗದವಾದರೆ ನಾನು ನಿಧಾನವಾಗಿ ಬರೆಯಬಹುದು, ನೀನು ಸಿಟ್ಟಿನಲ್ಲಿ ಹರಿದು ಹಾಕಬಹುದು. ಇಬ್ಬರಿಗೂ ಅನುಕೂಲ.

ಆದದ್ದು ಇಷ್ಟು. ಪರೀಕ್ಷೆಗೆಂದು ಟ್ಯಾಂಕಿಗೆ ಇಂಧನ ತುಂಬಿಸಿದೆವು. ಅದು ಎಂಥ ತಣ್ಣಗಿನ ದ್ರವ ಎಂದರೆ ಟ್ಯಾಂಕಿನ ಲೋಹವೇ ಮೈ ಮುದುಡಿಕೊಳ್ಳುತ್ತದೆ. ಮೇಲೆ ಹೊದಿಸಿದ ಫೋಮ್ ಕೂಡ ಅದರ ಜೊತೆಯಲ್ಲೇ ಮುದುಡಿಕೊಳ್ಳಬೇಕು. ಇಂಧನ ಖಾಲಿ ಮಾಡಿ ಅಟ್ಟಣಿಗೆ ಹತ್ತಿ ನೋಡಿದರೆ, ಕೊಳವೆಯನ್ನು ಹಿಡಿದಿಡುವ ಒಂದು ಕೊಂಡಿಯ ಸುತ್ತ ಕೂದಲೆಳೆಯಂಥ ಬಿರುಕು. ಅದರ ಪಕ್ಕದಲ್ಲಿ ಬೆರಳಿನಿಂದ ತಟ್ಟಿದೆ. ಗಟ್ಟಿ ಸದ್ದು ಬರಬೇಕಾದ ಕಡೆ ಟೊಳ್ಳು ಸದ್ದು ಬಂತು. ಒಳಗೆ ಗುಳ್ಳೆ ಇದೆ. ಚಳಿಗೆ ಆ ಗುಳ್ಳೆಯೊಳಗಿನ ಗಾಳಿ ದ್ರವವಾಗುತ್ತದೆ, ನೌಕೆ ಏರುವಾಗ ಬಿಸಿಯಾಗಿ ಒಮ್ಮೆಲೇ ಉಬ್ಬುತ್ತದೆ, ಮೇಲಿನ ಫೋಮನ್ನು ಕಿತ್ತು ಎಸೆಯುತ್ತದೆ.

ಹಿಂದಿನ ನೌಕೆಗೆ ಆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ತಲೆದಿಂಬಿನಷ್ಟು ದೊಡ್ಡ ಫೋಮ್, ಕೈಯಲ್ಲಿ ಎತ್ತಿದರೆ ತೂಕವೇ ಇಲ್ಲ. ಅದು ರೆಕ್ಕೆಗೆ ಬಡಿದು ತೂತು ಮಾಡಿತು. ಮರಳಿ ಬರುವಾಗ ಆ ತೂತಿನೊಳಗೆ ಬೆಂಕಿ ಹೊಕ್ಕಿತು. ಆರು ಜನ. ಅವರಲ್ಲಿ ಇಬ್ಬರು ನಿನ್ನ ಜೊತೆಗೇ ತರಬೇತಿಗೆ ಸೇರಿದವರು. ಅದಾದ ಮೇಲೆ ತಾನೇ ನನ್ನನ್ನು ಎಂಜಿನ್ ವಿಭಾಗದಿಂದ ಎಬ್ಬಿಸಿ ತಂದು ಈ ಕುರ್ಚಿಯಲ್ಲಿ ಕೂರಿಸಿದ್ದು.

ನಿನ್ನ ಅತ್ತಿಗೆ ಕೇಳುತ್ತಿದ್ದಾಳೆ, "ಹೇಗೂ ಮುಂದಕ್ಕೆ ಹೋಯ್ತಲ್ಲ, ಒಂದೆರಡು ದಿನ ಬಂದು ಹೋಗೋಕೆ ಅವಳಿಗೇನು ಕಷ್ಟ?" ಎಂದು. ಬಾ.

ನಿನ್ನ ಅಣ್ಣ


ಫೆಬ್ರವರಿ 23

ಅಣ್ಣಾ,

ಹರಿದು ಹಾಕಲಿಲ್ಲ. ಮಡಚಿ ದಿಂಬಿನ ಕೆಳಗಿಟ್ಟು ಮಲಗಿ, ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಸಿಟ್ಟು ಹಾಗೇ ಇತ್ತು.

ಇಲ್ಲಿ ನಿನಗೊಂದು ಅಡ್ಡಹೆಸರು ಬಿದ್ದಿದೆ. ಅಲ್ಲಪ್ಪ. ನಾನು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಕೂರುವ ಮೊದಲೇ ನಮ್ಮ ನೌಕೆಯ ಕ್ಯಾಪ್ಟನ್ ಕೇಳುತ್ತಾರೆ, "ಏನಮ್ಮಾ, ನಿಮ್ಮ ಅಲ್ಲಪ್ಪನೋರು ಇವತ್ತೇನಂದ್ರು?" ನಾನು "ಅಲ್ಲ ಅಂದ್ರು" ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ಹಾಗಾದರೆ ನಿನ್ನ ಕೈಕೆಳಗಿನ ಆ ಉಪಮುಖ್ಯಸ್ಥ, ಯಾವ ಸಭೆಯಲ್ಲೂ ತಲೆಯನ್ನು ಮೇಲೆ ಕೆಳಗೆ ಬಿಟ್ಟು ಬೇರೆ ದಿಕ್ಕಿಗೆ ಆಡಿಸದವನು, ಅವನು ಹೌದಪ್ಪ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಎಂದು ಗಾದೆಯೇ ಇದೆ. ಸದ್ಯಕ್ಕೆ ಕೇಳುತ್ತಿದ್ದಾರಲ್ಲ, ನಿನ್ನ ಪುಣ್ಯ.

ನಗುವುದು ಮುಗಿದ ಮೇಲೆ ನನ್ನ ಲೆಕ್ಕ ನನಗಿದೆ. ಈ ಕೆಲಸಕ್ಕೆ ಸೇರಿದಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಎರಡು ಸಲ ನನ್ನ ಸರದಿ ಬಂದು ತಪ್ಪಿತು. ಒಮ್ಮೆ ಬೇರೆಯವರನ್ನು ಹಾಕಿದರು, ಇನ್ನೊಮ್ಮೆ ಆ ಆರು ಜನ ಸತ್ತರು. ಮುಂದಿನ ವರ್ಷಕ್ಕೆ ನನಗಾಗುವ ವಯಸ್ಸಿನವರನ್ನು ಮೊದಲ ಹಾರಾಟಕ್ಕೆ ಕಳಿಸುವುದಿಲ್ಲ ಎಂಬ ನಿಯಮವಿದೆ. ಅಟ್ಟಕ್ಕೆ ಹಾರದವಳು ಬೆಟ್ಟಕ್ಕೆ ಹಾರಿಯಾಳೇ ಎಂದು ಅಪ್ಪ ರೇಗಿಸುತ್ತಿದ್ದರಲ್ಲ, ಅಟ್ಟವೂ ಇಲ್ಲದೆ ಬೆಟ್ಟವೂ ಇಲ್ಲದೆ ಇಲ್ಲೇ ಕೂತಿದ್ದೇನೆ.

ನನ್ನ ಸೀಟು ತಯಾರಾಗಿದೆ. ನನ್ನ ಬೆನ್ನಿನ ಅಚ್ಚು ತೆಗೆದು ಮಾಡಿದ್ದು, ಇನ್ನೊಬ್ಬರಿಗೆ ಕೂರಲು ಬಾರದು. ತಾಲೀಮಿನ ಕೋಣೆಯಲ್ಲಿ ಅದರಲ್ಲಿ ಮಲಗಿದರೆ ತಾಯಿಯ ಮಡಿಲಲ್ಲಿ ಮಲಗಿದ ಹಾಗೆ. ನನಗೆ ಏನಾದರೂ ಆದರೆ ನನ್ನ ಬದಲು ಹೋಗಬೇಕಾದ ಹುಡುಗಿ ಪಕ್ಕದಲ್ಲೇ ನಿಂತು ನಾನು ಒತ್ತುವ ಪ್ರತಿ ಗುಂಡಿಯನ್ನೂ ನೋಡಿ ಕಲಿಯುತ್ತಾಳೆ. ಚುರುಕು, ಪುಟ್ಟ ಮೈ. ಗುಬ್ಬಿ ಎಂದು ಕರೆಯುತ್ತೇವೆ. "ಅಕ್ಕಾ, ನಿಮಗೆ ನೆಗಡಿಯಾದ್ರೂ ಬರಲಿ ಅಂತ ನಾನು ಕಾಯ್ತಾ ಇದೀನಿ" ಎಂದು ಎದುರಿಗೇ ಹೇಳುತ್ತಾಳೆ. ಹಾಗೆ ಹೇಳುವುದರಿಂದಲೇ ನನಗೆ ಅವಳ ಮೇಲೆ ಪ್ರೀತಿ.

ಅತ್ತಿಗೆಗೆ ಹೇಳು, ಬರಲಾರೆ ಎಂದು. ಈಗ ಮನೆಗೆ ಬಂದರೆ ನಿನ್ನ ಮುಖ ನೋಡಬೇಕಾಗುತ್ತದೆ.

ಇನ್ನೂ ನೆಲದ ಮೇಲಿರುವ,
ನಿನ್ನ ತಂಗಿ


ಏಪ್ರಿಲ್ 3

ತಂಗೀ,

ಬಿರುಕು ಬಿಟ್ಟ ಜಾಗದ ಫೋಮ್ ಕತ್ತರಿಸಿ ನೋಡಿದೆವು. ಗುಳ್ಳೆಗಳು ಸಿಕ್ಕವು. ಕೆಲವು ಸಾಸಿವೆಯಷ್ಟು, ಒಂದು ಮಾತ್ರ ನನ್ನ ಹೆಬ್ಬೆರಳು ಇಳಿಯುವಷ್ಟು.

ಟ್ಯಾಂಕಿನ ನುಣುಪು ಮೈಗೆ ಯಂತ್ರ ಫೋಮ್ ಸಿಂಪಡಿಸುತ್ತದೆ. ಕೊಂಡಿ, ಮೂಲೆ, ಸಂದು ಇರುವ ಕಡೆ ಮನುಷ್ಯರೇ ಸಿಂಪಡಿಸಬೇಕು. ಮುಖವಾಡ ಹಾಕಿಕೊಂಡು ಅಟ್ಟಣಿಗೆಯ ಮೇಲೆ ಒಂದೇ ಕೈಯಲ್ಲಿ ಕೊಳವೆ ಹಿಡಿದು ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಸಿಂಪಡಿಸಿದ್ದು ಕ್ಷಣದಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡಿತೋ ಇಲ್ಲವೋ ಹೊರಗಿನಿಂದ ಯಾರಿಗೂ ಕಾಣದು. ಎಕ್ಸ್-ರೇಗೂ ಸರಿಯಾಗಿ ಕಾಣುವುದಿಲ್ಲ. ಕಾಣಬೇಕೆಂದರೆ ಕತ್ತರಿಸಬೇಕು. ಕತ್ತರಿಸಿದರೆ ಅದು ಹಾರುವ ಟ್ಯಾಂಕ್ ಆಗಿ ಉಳಿಯುವುದಿಲ್ಲ. ಇಂಥ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇವೆ.

ನಿನ್ನೆ ಸಭೆ. ನಿರ್ದೇಶಕರು ನೇರವಾಗಿ ಕೇಳಿದರು, "ಜುಲೈಗೆ ಫೋಮ್ ಉದುರುತ್ತೆ ಅಂತೀರಾ, ಉದುರಲ್ಲ ಅಂತೀರಾ? ಎರಡರಲ್ಲಿ ಒಂದು ಹೇಳಿ."

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲ ಅನ್ನೋಕೆ ಒಬ್ಬ ಮುಖ್ಯಸ್ಥ ಬೇಕೇನ್ರೀ?"

ಅವರು ಕೆಟ್ಟವರಲ್ಲ. ಆ ಆರು ಜನರ ಮನೆಗಳಿಗೆ ಒಬ್ಬರೇ ಹೋಗಿ ಬಂದವರು. ಆದರೆ ಅವರ ಮೇಲೂ ಕೂತವರಿದ್ದಾರೆ. ಉತ್ತರ ಬೇಕು ಎನ್ನುವವರ ನಡುವೆ ಗೊತ್ತಿಲ್ಲ ಎನ್ನುವುದು ಉಗುಳು ನುಂಗಿದ ಹಾಗಿರುತ್ತದೆ. ಜುಲೈ ಹೋಗಿ ಸೆಪ್ಟೆಂಬರ್ ಆಗಿದೆ.

ನಿನ್ನ ಅಣ್ಣ


ಏಪ್ರಿಲ್ 15

ಅಣ್ಣಾ,

ಒಂದೇ ಒಂದು ಪ್ರಶ್ನೆ. ನಿಜ ಹೇಳು.

ಆ ನೌಕೆಯಲ್ಲಿ ನಾನಿಲ್ಲದಿದ್ದರೂ ಇದನ್ನೇ ಹೇಳುತ್ತಿದ್ದೆಯಾ?

ತಂಗಿ


ಮೇ 30

ತಂಗೀ,

ಬರೆಯಲು ತಡವಾಯಿತು. ನಿನ್ನ ಅತ್ತಿಗೆಯ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೆಲ್ಲ ಪೊಲೀಸ್ ಅಧಿಕಾರಿಯ ಹಾಗೆ ಓಡಾಡುತ್ತಾಳೆ. ಹಾಲ್‌ನ ಗೋಡೆಗೆ ನಾನೇ ಬಣ್ಣ ಹೊಡೆದೆ. ಚೆನ್ನಾಗಿದೆ ಎಂದಳು, ಕನ್ನಡಕ ತೆಗೆದ ಮೇಲೆ ಏನನ್ನುತ್ತಾಳೋ ನೋಡಬೇಕು. ಈಚೆಗೆ ಕೆಲಸದಿಂದ ಬೇಗ ಬರುತ್ತೇನೆ. ಸಂಜೆ ಇಬ್ಬರೂ ರಸ್ತೆಯ ಕೊನೆಯವರೆಗೆ ನಡೆದು ಬರುತ್ತೇವೆ.

ನೀನು ಕೇಳಿದ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿದ ದಿನ ಬರೆಯುತ್ತೇನೆ.

ಮೈ ಕಡೆ ಗಮನವಿರಲಿ.

ಅಣ್ಣ


ಜೂನ್ 8

ಅಣ್ಣಾ,

ಬೇಗ ಮನೆಗೆ ಬರುತ್ತೀಯಾ? ನೀನು? ಗೋಡೆಗೆ ಬಣ್ಣ ಹೊಡೆಯುತ್ತೀಯಾ? ಅತ್ತಿಗೆಗೆ ಜ್ವರ ಬಂದು ಮಲಗಿದಾಗಲೂ ಊಟಕ್ಕೆ ತಣ್ಣಗೆ ಒಂಬತ್ತು ಗಂಟೆಗೆ ಬರುತ್ತಿದ್ದವನು ನೀನು. ನನ್ನನ್ನು ಏನೆಂದುಕೊಂಡಿದ್ದೀಯ?

ಮೊನ್ನೆ ಫೋಮ್ ದುರಸ್ತಿ ಮುಗಿಯಿತೆಂದು ವರದಿಯೊಂದನ್ನು ಹಾರಬೇಕಾದ ನಮ್ಮ ಐವರ ಮುಂದೆ ಇಟ್ಟರು. ಮುಖ್ಯಸ್ಥರ ಸಹಿ ಇರಬೇಕಾದ ಜಾಗದಲ್ಲಿ ಹೌದಪ್ಪನ ಸಹಿ ಇತ್ತು. ಕ್ಯಾಪ್ಟನ್ ನನ್ನ ಕಡೆ ನೋಡಿದರು. ನಗಲಿಲ್ಲ.

ನಾನು ನೆಟ್ಟಗೆ ನಿರ್ದೇಶಕರಿಗೆ ಫೋನ್ ಮಾಡಿದೆ. ಮೂರನೆಯ ಕಿವಿ ಕೇಳಿಕೊಂಡರೆ ಕೇಳಿಕೊಳ್ಳಲಿ. ಅವರು ಮುಚ್ಚುಮರೆ ಮಾಡಲಿಲ್ಲ. "ನೋಡಿಯಮ್ಮಾ, ನೀವು ಆ ನೌಕೆಯಲ್ಲಿರೋ ತನಕ ಅವರು ಬೇಡ ಅಂದ್ರೆ ಅದು ಎಂಜಿನಿಯರ್ ಮಾತೋ, ಅಣ್ಣನ ಮಾತೋ ಅಂತ ಯಾರಿಗೆ ಗೊತ್ತಾಗುತ್ತೆ? ಮೇಲಿನವರು ನನ್ನನ್ನ ಇದನ್ನೇ ಕೇಳ್ತಾರೆ. ಬೇರೆ ಕಡೆ ಹಾಕಿದೀವಿ. ಅವರಿಗೆ ಅವಮಾನ ಮಾಡೋಕಲ್ಲ."

ನಾನು ಫೋನ್ ಕೆಳಗಿಟ್ಟೆ. ಏಕೆಂದರೆ ಏಪ್ರಿಲ್‌ನಲ್ಲಿ ನಾನು ನಿನ್ನನ್ನು ಕೇಳಿದ್ದೂ ಅದನ್ನೇ.

ಹೌದಪ್ಪ ಮಾಡಿಸಿದ ದುರಸ್ತಿ ಸರಿಯಿದೆಯಾ? ಅಷ್ಟು ಹೇಳು. ಅತ್ತಿಗೆಯ ಕನ್ನಡಕದ ಸುದ್ದಿ ಆಮೇಲೆ.

ತಂಗಿ


ಜೂನ್ 14

ತಂಗೀ,

ನನ್ನನ್ನು ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಿದ್ದಾರೆ. ಕಿಟಕಿಯಿಂದ ಟ್ಯಾಂಕ್ ಇರುವ ಕಟ್ಟಡದ ಬೆನ್ನು ಕಾಣುತ್ತದೆ. ಒಳಗೆ ಹೋಗುವ ಗುರುತಿನ ಚೀಟಿ ವಾಪಸು ತೆಗೆದುಕೊಂಡಿದ್ದಾರೆ.

ಫೋಮ್ ಸಿಂಪಡಿಸುವ ಹೆಂಗಸೊಬ್ಬಳು, ನನ್ನ ಜೊತೆ ಮೊದಲಿನಿಂದಲೂ ಇದ್ದವಳು, ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಳು. ಬಿರುಕು ಕಂಡ ಕಡೆಯಷ್ಟೇ ಕೆತ್ತಿ ತೇಪೆ ಹಾಕಿದ್ದಾರಂತೆ. ಉಳಿದ ಕೊಂಡಿಗಳನ್ನು ಮುಟ್ಟಿಲ್ಲ. ಒಂದರಲ್ಲಿ ಗುಳ್ಳೆ ಇದ್ದರೆ ಅದೇ ದಿನ, ಅದೇ ಕೈ, ಅದೇ ಡ್ರಮ್ಮಿನಿಂದ ಸಿಂಪಡಿಸಿದ ಮಿಕ್ಕ ಕಡೆ ಇರುವುದಿಲ್ಲವೇ? ಎಲ್ಲವನ್ನೂ ಕಿತ್ತು ಹೊಸದಾಗಿ ಹೊದಿಸಬೇಕು ಎಂಬುದು ನನ್ನ ಮಾತು. ಅದಕ್ಕೆ ತಿಂಗಳುಗಳು ಬೇಕು. ಹೌದಪ್ಪ ಮೂರ್ಖನಲ್ಲ, ಮೋಸಗಾರನೂ ಅಲ್ಲ. ಉದುರುವುದಿಲ್ಲ ಎಂದು ನಂಬಿದ್ದಾನೆ. ನಂಬಿದವರ ನಿದ್ದೆ ಚೆನ್ನಾಗಿರುತ್ತದೆ.

ನಿನಗೆ ಏಕೆ ತಿಳಿಸಲಿಲ್ಲವೆಂದರೆ, ತಿಳಿಸಿದರೆ ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಅದನ್ನು ನೀನು ಮಾಡಲಿ ಎಂದು ನನ್ನ ಅರ್ಧ ಮನಸ್ಸು ಬಯಸುತ್ತಿತ್ತು. ಅಂಥ ಮನಸ್ಸಿಟ್ಟುಕೊಂಡು ಯಾವ ಕಾಗದ ಬರೆಯಲಿ? ಗೋಡೆಯ ಬಣ್ಣದ ಬಗ್ಗೆ ಬರೆದೆ.

ನೀನು ಏನೂ ಮಾಡಬೇಡ. ನಿನ್ನ ಜೀವನದ ಕೆಲಸ ಅದು, ನನ್ನದಲ್ಲ.

ನಿನ್ನ ಅಣ್ಣ


ಜೂನ್ 29

ಅಣ್ಣಾ,

ಮಾಡಿಯಾಯಿತು.

ನಿರ್ದೇಶಕರು ಇಲ್ಲಿಗೇ ಬಂದಿದ್ದರು. ಅವರ ಮುಂದೆ ನಿಂತು ಹೇಳಿದೆ, "ನಾನು ಈ ಹಾರಾಟದಿಂದ ಇಳೀತೀನಿ. ನಮ್ಮಣ್ಣನ್ನ ಅವರ ಕುರ್ಚಿಗೆ ವಾಪಸ್ ಕೂರಿಸಿ. ಈಗ ಅವರು ಬೇಡ ಅಂದ್ರೆ ಅಣ್ಣನ ಮಾತು ಅನ್ನೋಕಾಗಲ್ಲ ಅಲ್ವಾ?" "ಮತ್ತೆ ಈ ಅವಕಾಶ ಬರಲ್ಲ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಮಾರನೆಯ ದಿನ ಆದೇಶ ಬಂತು.

ಕ್ಯಾಪ್ಟನ್ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಇಬ್ಬರು ಮಕ್ಕಳು.

ಗುಬ್ಬಿಗೆ ನಾನೇ ಹೋಗಿ ಹೇಳಿದೆ. ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಕೇಳಿದ ಕೂಡಲೇ ಅವಳ ಮುಖ ಅರಳಿತು. ಬಚ್ಚಿಡಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ. ಆಮೇಲೆ ಅಳು ಬಂತು, ನನ್ನನ್ನು ತಬ್ಬಿಕೊಂಡಳು, "ನೆಗಡಿ ಅಂತ ತಮಾಷೆಗೆ ಅಂದಿದ್ದೆ ಅಕ್ಕಾ" ಎಂದಳು. ಆ ಅಳುವೂ ನಿಜವೇ. ಆದರೆ ನನಗೆ ನೆನಪಿರುವುದು ಮೊದಲಿನ ಮುಖ.

ನಿನ್ನೆ ನನ್ನ ಸೀಟನ್ನು ತಾಲೀಮಿನ ಕೋಣೆಯಿಂದ ಹೊರಗೆ ತಂದರು. ಇಬ್ಬರು ಹಿಡಿದುಕೊಂಡು ಕಾರಿಡಾರಿನಲ್ಲಿ ಹೋಗುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತಿದ್ದ ನನ್ನನ್ನು "ಸ್ವಲ್ಪ ಜಾಗ ಬಿಡಿ ಮೇಡಂ" ಎಂದರು. ಬಿಟ್ಟೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಬಾಯಿಯವರೆಗೆ ಬಂದದ್ದನ್ನು ನಾನೇ ಕೆಳಗಿಟ್ಟೆ. ಈಗ ನಿನ್ನ ಮಾತಿಗೆ ಬೆಲೆ ಬಂದಿದೆ. ಹೋಗು, ಹೇಳು.

ಸ್ವಲ್ಪ ದಿನ ನನಗೆ ಬರೆಯಬೇಡ.

ತಂಗಿ


ಸೆಪ್ಟೆಂಬರ್ 17

ನಾದಿನೀ,

ನಾನು ನಿನ್ನ ಅತ್ತಿಗೆ. ನಿಮ್ಮಣ್ಣ ಬರೆಯಬಾರದು ಎಂದೆಯಂತೆ. ನನಗೇನೂ ಹೇಳಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಗೋಡೆಯ ಬಣ್ಣ ಅಸಹ್ಯವಾಗಿದೆ.

ಇವರು ವಿಭಾಗಕ್ಕೆ ಮರಳಿದ ಮೇಲೆ ಟ್ಯಾಂಕಿನ ಕೊಂಡಿಗಳ ಫೋಮನ್ನೆಲ್ಲ ಕಿತ್ತು ಹಾಕಿಸಿದರು. ಒಳಗೆ ಗುಳ್ಳೆಗಳು ಸಿಕ್ಕವಂತೆ, ಇವರು ಹೇಳಿದ ಕಡೆಯಲ್ಲೆಲ್ಲ. ಅವತ್ತು ಮನೆಗೆ ಬಂದು ಕೂತವರು ಚಹಾ ತಣ್ಣಗಾದರೂ ಕುಡಿಯಲಿಲ್ಲ. "ನೀವು ಹೇಳಿದ್ದೇ ಸರಿ ಆಯ್ತಲ್ಲ, ಇನ್ನೇನು?" ಎಂದೆ. "ಸರಿ ಆಗದೇ ಇದ್ದಿದ್ರೆ ಅವಳು ಸುಮ್ಮನೆ ಇಳಿದ ಹಾಗಾಗ್ತಿತ್ತು. ಸರಿ ಆಯ್ತು ಅಂತ ಖುಷಿ ಪಟ್ಟೆ ಕಣೇ, ಖುಷಿ ಪಟ್ಟೆ" ಎಂದು ತಲೆ ಹಿಡಿದುಕೊಂಡರು.

ಹಾರಾಟ ಜನವರಿಗೆ ಹೋಗಿದೆ. ನೀನು ಬರೆಯದಿದ್ದರೂ ಊಟ ಮಾಡುತ್ತಿದ್ದೀಯ ತಾನೇ?

ಅತ್ತಿಗೆ


ಡಿಸೆಂಬರ್ 20

ತಂಗೀ,

ಇವತ್ತು ಸಹಿ ಹಾಕಿದೆ. ನನ್ನ ಪ್ರಕಾರ ಟ್ಯಾಂಕ್ ಸಿದ್ಧವಾಗಿದೆ ಎಂದು ಬರೆದು ಸಹಿ ಹಾಕಿದೆ.

ಎಲ್ಲ ಕೊಂಡಿಗಳಿಗೂ ಹೊಸದಾಗಿ ಹೊದಿಸಿದ್ದೇವೆ. ಪ್ರತಿಯೊಂದಕ್ಕೂ ಜೊತೆಗೊಂದು ಮಾದರಿ ತುಂಡಿಗೂ ಸಿಂಪಡಿಸಿ, ಅದನ್ನು ಕತ್ತರಿಸಿ ನೋಡಿದ್ದೇವೆ. ನಾಲ್ಕು ಸಲ ಇಂಧನ ತುಂಬಿಸಿ ಖಾಲಿ ಮಾಡಿದ್ದೇವೆ. ಬಿರುಕಿಲ್ಲ. ನಿರ್ದೇಶಕರು "ಈಗ ಹೇಳಿ" ಎಂದರು. ನಮಗೆ ಗೊತ್ತಿರುವ ಕಡೆಯೆಲ್ಲ ಸರಿ ಮಾಡಿದ್ದೇವೆ, ಹೋಗಬಹುದು ಎಂದೆ. ನನ್ನ ಬಾಯಿಂದ ಆ ಮಾತು ಹೊರಟಾಗ ಹೌದಪ್ಪನೇ ಬೆಚ್ಚಿ ನೋಡಿದ.

ಹಾರಾಟದ ದಿನ ನೌಕೆಯವರ ಜೊತೆ ನೆಲದಿಂದ ಮಾತಾಡುವ ಕೆಲಸವನ್ನು ನಿನಗೆ ಕೊಟ್ಟಿದ್ದಾರೆಂದು ಕೇಳಿದೆ. ನೀನೇ ಕೇಳಿ ಪಡೆದೆಯೋ, ಅವರೇ ಕೊಟ್ಟರೋ ಗೊತ್ತಾಗಲಿಲ್ಲ.

ನೀನು ಅದರೊಳಗೆ ಇದ್ದಿದ್ದರೂ ನಾನು ಇವತ್ತು ಸಹಿ ಹಾಕುತ್ತಿದ್ದೆ ಎಂದು ಬರೆಯಲು ಕೂತೆ. ಬರೆಯಲಾಗಲಿಲ್ಲ. ಏಪ್ರಿಲ್‌ನ ನಿನ್ನ ಪ್ರಶ್ನೆಗೆ ಇದೇ ಉತ್ತರವೆಂದು ತಿಳಿ.

ನಿನ್ನ ಅಣ್ಣ


ಜನವರಿ 22

ಅಣ್ಣಾ,

ಆರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಫೋಮ್ ಉದುರಿದೆ ಎಂಬುದನ್ನು ನನಗಿಂತ ಮೊದಲು ನೀನೇ ನೋಡಿರುತ್ತೀ.

ಕೊಂಡಿಗಳಿಂದಲ್ಲ. ಕೊಳವೆಯ ಉದ್ದಕ್ಕೂ ಉಬ್ಬಿದ ಏಣಿನ ಹಾಗೆ ಹಾಕಿದ್ದ ಫೋಮ್‌ನಿಂದ ಒಂದು ಹಲಗೆಯಷ್ಟು ಹಾರಿ ಬಂತು. ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ನಿನಗೂ ಇರಲಿಲ್ಲ. ಏರುವಾಗ ತೆಗೆದ ವಿಡಿಯೊ ಚಿತ್ರದಲ್ಲಿ ಅದು ನೌಕೆಯ ಹೊಟ್ಟೆಯ ಕೆಳಗೆ ಹೋಗಿ ಮರೆಯಾಗುತ್ತದೆ. ತಗುಲಿತೋ ಇಲ್ಲವೋ ಕಾಣುವುದಿಲ್ಲ. ನೌಕೆಯ ಯಂತ್ರದ ತೋಳಿಗೆ ಕ್ಯಾಮೆರಾ ಇದೆ, ಆದರೆ ಆ ಜಾಗಕ್ಕೆ ಎಟುಕುವುದಿಲ್ಲ.

ನೌಕೆಯಲ್ಲಿರುವವರಿಗೆ ಏನು ಹೇಳಬೇಕೆಂದು ಇಲ್ಲಿ ಚರ್ಚೆಯಾಯಿತು. "ಚಿಂತೆ ಮಾಡುವಂಥದ್ದೇನೂ ಇಲ್ಲ" ಎಂದು ಒಂದು ಚೀಟಿ ಬರೆದು ನನ್ನ ಮುಂದಿಟ್ಟರು. ನಾನು ಅದನ್ನು ಓದಲಿಲ್ಲ. ಮೈಕು ಒತ್ತಿ ಕ್ಯಾಪ್ಟನ್‌ಗೆ ಆದದ್ದನ್ನು ಆದ ಹಾಗೆ ಹೇಳಿದೆ. ಯಾರೂ ನನ್ನನ್ನು ತಡೆಯಲಿಲ್ಲ. ನಿರ್ದೇಶಕರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಕ್ಯಾಪ್ಟನ್ "ಸರಿ, ತಿಳೀತು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಗುಬ್ಬಿಯ ದನಿ ಬಂತು.

"ಅಕ್ಕಾ, ತಗುಲಿದೆಯಾ?"

"ಗೊತ್ತಿಲ್ಲ ಕಣೇ."

"ಅಣ್ಣನೋರಿಗೆ?"

"ಅವರಿಗೂ ಗೊತ್ತಿಲ್ಲ."

"ಹೂಂ. ಇಲ್ಲಿಂದ ಭೂಮಿ ತುಂಬ ಚೆನ್ನಾಗಿದೆ ಅಕ್ಕಾ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಹೇಳು ಎಂದೆ. ಹೇಳಿದಳು. ನಾನು ಕೇಳಿಸಿಕೊಂಡೆ.

ಅವರು ಕೆಲಸ ಮುಗಿಸಿ ಬರಲು ಇನ್ನೂ ಎರಡು ವಾರವಿದೆ. ಆ ಚಿತ್ರವನ್ನು ಇನ್ನೊಮ್ಮೆ ನೋಡು. ನಿನ್ನ ಕಣ್ಣಿಗೆ ಏನಾದರೂ ಕಂಡರೆ ಫೋನ್ ಮಾಡು, ಕಾಗದ ಬೇಡ.

ತಂಗಿ


ಜನವರಿ 28

ತಂಗೀ,

ಫೋನ್ ಮಾಡದಿದ್ದುದರಿಂದಲೇ ನಿನಗೆ ತಿಳಿದಿರುತ್ತದೆ. ನಾವೆಲ್ಲ ಆ ಚಿತ್ರವನ್ನು ನೋಡಿ ನೋಡಿ ಈಗ ಕಣ್ಣು ಮುಚ್ಚಿದರೂ ಅದೇ ಓಡುತ್ತದೆ. ಒಂದು ಬಿಳಿ ಚೂರು, ಒಂದು ನೆರಳು, ಅಷ್ಟೇ. ಆ ಏಣಿನ ಫೋಮನ್ನು ನಾನು ಕೀಳಿಸಲಿಲ್ಲ. ಅದು ಎಂದೂ ಉದುರಿರಲಿಲ್ಲ. ಉದುರದೇ ಇದ್ದದ್ದು ಗಟ್ಟಿ ಎಂದುಕೊಂಡೆ. ಹೌದಪ್ಪನಿಗೂ ನನಗೂ ಇರುವ ಅಂತರ ಅಷ್ಟೇ ಎಂದಾಯಿತು.

ಚಿತ್ರದಲ್ಲಿ ಆ ಚೂರು ಹಾರಿದ್ದು ಕಂಡಾಗ ನನಗೆ ಬಂದ ಮೊದಲ ಯೋಚನೆ, ಸದ್ಯ ನನ್ನ ತಂಗಿ ಅದರಲ್ಲಿಲ್ಲ ಎಂಬುದು. ಆ ಸಮಾಧಾನಕ್ಕೆ ಒಂದು ಉಸಿರಿನಷ್ಟೂ ಆಯಸ್ಸಿರಲಿಲ್ಲ, ಆದರೆ ಬಂದದ್ದು ನಿಜ.

ನಿನ್ನೆ ಐವರ ಮನೆಯವರನ್ನೂ ಕಾರ್ಖಾನೆಗೆ ಕರೆಸಿ, ನಡೆದದ್ದನ್ನು ವಿವರಿಸಲು ನನಗೆ ಹೇಳಿದರು. ವಿವರಿಸಿದೆ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬರು ಮಾತ್ರ ಕುರ್ಚಿಯಲ್ಲೇ ಕೂತಿದ್ದರು. ಗುಬ್ಬಿಯ ತಂದೆ. ಅವರಿಗೆ ದರ್ಜಿ ಕೆಲಸ, ಅಂಗಿಯ ಕಾಲರಿಗೆ ಚುಚ್ಚಿದ ಸೂಜಿ ಹಾಗೇ ಇತ್ತು; ತೆಗೆಯಲು ಮರೆತು ಬಂದಿದ್ದರು.

"ಒಂದು ಮಾತು ಕೇಳ್ಲಾ ಸ್ವಾಮಿ?" ಎಂದರು. "ನಿಮ್ಮ ತಂಗಿ ಇಳಿದು ನನ್ನ ಮಗಳು ಹತ್ತಿದ್ದು. ನಿಮಗೆ ಮೊದಲೇ ಗೊತ್ತಿತ್ತಾ?"

ಇಲ್ಲ ಎಂದೆ. ನೀನು ಏಕೆ ಇಳಿದೆ, ಅದರಿಂದ ಎಷ್ಟು ಗುಳ್ಳೆಗಳು ಹೊರಬಿದ್ದವು, ಎಲ್ಲವನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿದರೆ ಅದು ಯಾವುದೂ ಅವರಿಗೆ ಬೇಕಿರಲಿಲ್ಲ. "ಇಲ್ಲ ಅಂತೀರಾ. ಸರಿ" ಎಂದು ಎದ್ದರು. ಬಾಗಿಲವರೆಗೆ ಜೊತೆಗೆ ಹೋದೆ. ನನ್ನ ಕಡೆ ತಿರುಗಿ ನೋಡಲಿಲ್ಲ.

ಆ ಐವರೂ ಮರಳಿ ಬರಲಿ. ಬೇರೇನೂ ಬರೆಯಲಾರೆ.

ಅಣ್ಣ


ಫೆಬ್ರವರಿ 9

ಅಣ್ಣಾ,

ಐವರೂ ಬಂದರು.

ಟಿವಿಯಲ್ಲಿ ನೀನು ನೋಡಿರುತ್ತೀ. ನೌಕೆ ವಾತಾವರಣದೊಳಗೆ ಇಳಿಯುವಾಗ ಸ್ವಲ್ಪ ಹೊತ್ತು ಮಾತು ಕಡಿದುಹೋಗುತ್ತದೆ. ಹಿಂದಿನ ಸಲ ಕಡಿದದ್ದು ಮತ್ತೆ ಸೇರಲೇ ಇಲ್ಲ. ನಾನು ಕರೆದೆ, ಉತ್ತರವಿಲ್ಲ. ಮತ್ತೆ ಕರೆದೆ. ಕೋಣೆಯಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಆಮೇಲೆ ಕ್ಯಾಪ್ಟನ್ ದನಿ, "ಕೇಳಿಸ್ತಿದೆ, ಹೇಳಿ" ಎಂದು. ನಿರ್ದೇಶಕರು ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಫೋಮ್ ತಗುಲಿತ್ತು. ಬಾಲದ ಹತ್ತಿರ ಹೊಟ್ಟೆಯ ಮೇಲೆ ಬೆಂಕಿ ತಡೆಯುವ ಬಿಲ್ಲೆಗಳು ಒಡೆದು, ಒಳಗಿನ ಲೋಹ ಕಪ್ಪಾಗಿ ತಗ್ಗು ಬಿದ್ದಿದೆ. ಕರಗಿಲ್ಲ. ಒಂದು ಮೊಳ ಮುಂದಕ್ಕೆ ಬಡಿದಿದ್ದರೆ ಎಂದು ಯಾರೋ ಮಾತು ಶುರುಮಾಡಿದರು, ಉಳಿದವರು ಸುಮ್ಮನಿರಿಸಿದರು. ಇನ್ನು ಹಾರಾಟವಿಲ್ಲ ಎಂದು ಇವತ್ತು ಹೇಳಿದ್ದಾರೆ. ಎಷ್ಟು ಕಾಲ ಎಂದು ಹೇಳಿಲ್ಲ. ನಿನ್ನ ವಿಭಾಗದ ಗತಿ ಏನೆಂದು ನೀನೇ ತಿಳಿಸು.

ಗುಬ್ಬಿಯ ತಂದೆ ಓಡುದಾರಿಯ ಬೇಲಿಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಬಂದು ಕೈ ಮುಗಿದರು. "ನನ್ನ ಮಗಳಿಗೆ ನಿಮ್ಮ ಜಾಗ ಬಿಟ್ಟುಕೊಟ್ರಿ ತಾಯೀ, ನಿಮ್ಮನ್ನ ಮರೆಯಲ್ಲ" ಎಂದು ಅತ್ತರು. ಹೋದ ತಿಂಗಳು ನಿನ್ನೆದುರು ನಾನು ಅವರ ಮಗಳನ್ನು ಸಾವಿಗೆ ಕಳಿಸಿದವಳು, ಈಗ ಜಾಗ ಬಿಟ್ಟುಕೊಟ್ಟ ತಾಯಿ. ನಾನು ಮಾಡಿದ್ದು ಒಂದೇ ಕೆಲಸ.

ನೀನು ನಿನ್ನ ಆ ಒಂದು ಉಸಿರಿನ ಸಮಾಧಾನದ ಬಗ್ಗೆ ಬರೆದೆ. ನನ್ನದೂ ಕೇಳು. ನೌಕೆಯ ಗಾಲಿ ನೆಲ ಮುಟ್ಟಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಟ್ಟುತ್ತಾ ಇರುವಾಗ ನನ್ನೊಳಗೆ ಒಂದೇ ಮಾತು ಓಡುತ್ತಿತ್ತು. ಅವರು ಬಂದರು. ಹಾಗಾದರೆ ನಾನೂ ಬರುತ್ತಿದ್ದೆ. ಅವಳು ನೋಡಿದ್ದನ್ನು ನೋಡಿ, ಬರುತ್ತಿದ್ದೆ. ಅವರು ಬದುಕಿದ್ದಕ್ಕೆ ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ನನ್ನ ಸೀಟು ನೆನಪಾಯಿತು. ಇದನ್ನು ಯಾರ ಹತ್ತಿರ ಹೇಳಲಿ? ನೀನು ಓದಿ ಇಟ್ಟುಕೋ. ಸಮಾಧಾನ ಹೇಳಿ ಬರೆಯಬೇಡ.

ಇಷ್ಟು ದಿನ ತೂಕವಿಲ್ಲದೆ ತೇಲಿದವರಿಗೆ ಇಲ್ಲಿ ಕಾಲು ನಿಲ್ಲುವುದಿಲ್ಲ. ಮೆಟ್ಟಿಲು ಇಳಿಸಲು ಒಬ್ಬೊಬ್ಬರಿಗೆ ಒಬ್ಬೊಬ್ಬರು ಹೋದೆವು. ಗುಬ್ಬಿಯ ತೋಳು ಹಿಡಿದು ನಾನು ಇಳಿಸಿದೆ. ಅವಳ ಮುಖ ಊದಿತ್ತು, ತುಟಿ ಒಡೆದಿತ್ತು, ಕಣ್ಣುಗಳು ಮಾತ್ರ ಬೇರೆ ಯಾವುದೋ ಕಡೆ ಇದ್ದವು. ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಿರಬೇಕು.

"ಅಕ್ಕಾ, ಕೈ ನೋಯ್ತಿದೆ" ಎಂದಳು.

ನೋಡಿದರೆ ನನ್ನ ಐದೂ ಬೆರಳು ಅವಳ ತೋಳಿನಲ್ಲಿ ಹೂತಿದ್ದವು. ಬಿಟ್ಟೆ. ಬಿಟ್ಟ ಕೂಡಲೇ ಅವಳು ಕುಸಿದಳು. ನಾನು ಮಂಡಿಯೂರಿ ಕೂತು ಅವಳನ್ನು ಮತ್ತೆ ಎತ್ತಿಕೊಂಡೆ. ಎಷ್ಟು ಹಗುರವಿದ್ದಳು ಎನ್ನುತ್ತೀ.

ನಿನ್ನ ತಂಗಿ